ಬಾಯಿಗೆ ಹೋದ ಮೇಲೆ

ಹೊಳಲಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ವಾರ್ಡನ್. ಮಕ್ಕಳ ತಟ್ಟೆಗೆ ಬೀಳುವ ಮೊದಲು ಅನ್ನ, ಸಾರು, ಪಲ್ಯ ಎಲ್ಲವೂ ಒಂದು ಚಮಚ ನನ್ನ ಬಾಯಿಗೆ ಬರಬೇಕು, ಅದು ನಿಯಮ. ಉಪ್ಪು ಹೆಚ್ಚಾದರೆ ಅಡುಗೆಯ ಬೊಮ್ಮಮ್ಮನಿಗೆ ಒಂದು ಮಂಗಳಾರತಿ, ಹುಳಿಯೂ ಹೆಚ್ಚಾದರೆ ಇನ್ನೊಂದು. ನನ್ನ ತಮ್ಮ ಪ್ರಬುದ್ಧ ರಜೆಗೆ ಬಂದಾಗ ಇದನ್ನು ನೋಡಿ ನಗುತ್ತಿದ್ದ.

“ನಂದೂ ನಿಂದೂ ಒಂದ ನೌಕರಿ ನೋಡಕ್ಕ. ನೀ ನುಂಗ್ತಿ, ನಾ ಉಗುಳ್ತೀನಿ. ಅಷ್ಟ ಫರಕು.”

ಅವನು ಗೋವಾದ ಒಂದು ದೊಡ್ಡ ಹೋಟೆಲಿನಲ್ಲಿ ಬಾರಿಗೆ ವಿಸ್ಕಿ ಆರಿಸುವ ಕೆಲಸದಲ್ಲಿದ್ದ. ಯಾವುದನ್ನು ಕೊಳ್ಳಬೇಕು, ಯಾವುದನ್ನು ವಾಪಸು ಕಳಿಸಬೇಕು ಎಂದು ಹೇಳುವುದು ಅವನ ಜವಾಬ್ದಾರಿ. ಒಂದೇ ಬೆಳಿಗ್ಗೆ ಹತ್ತಾರು ಬಗೆ ಎದುರಿಗೆ ಬಂದು ಕೂರುತ್ತಿದ್ದವಂತೆ. ಎಲ್ಲವನ್ನೂ ನುಂಗಿದರೆ ಮನುಷ್ಯ ಮಧ್ಯಾಹ್ನದ ಊಟಕ್ಕೆ ಮೇಜಿನ ಕೆಳಗಿರುತ್ತಾನೆ. ಹಾಗಾಗಿ ಒಂದು ಗುಟುಕು ಬಾಯಲ್ಲಿ ಹಿಡಿದು, ನಾಲಿಗೆಯ ಮೇಲೆಲ್ಲ ಆಡಿಸಿ, ಪಕ್ಕದ ಸ್ಟೀಲ್ ಪಾತ್ರೆಗೆ ಉಗುಳುವುದು. ಅದನ್ನು ನಾನು ನಂಬಿದೆ. ಅವ್ವ ಅರ್ಧ ನಂಬಿದಳು. ಅಪ್ಪ ನಂಬಲೇ ಇಲ್ಲ.

ಅಪ್ಪ ನಂಬದೆ ಇರುವಾಗಲೇ ಪ್ರಬುದ್ಧ ಹೋಗಿಬಿಟ್ಟ. ಈ ಬೇಸಿಗೆಯಲ್ಲಿ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬೈಕಿನಲ್ಲಿ ರೂಮಿಗೆ ಹೊರಟವನಿಗೆ ಲಾರಿ ಬಡಿಯಿತು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಗೆ ಹೆಣ ಬಂದಾಗ ಜನ ಹೊಟ್ಟೆ ತುಂಬ ಅತ್ತರು. ಅತ್ತು ಮುಗಿದ ಮೇಲೆ ಚಹಾದಂಗಡಿಯ ಮುಂದೆ ನಿಂತು, “ಬಾರ್‌ನಾಗ ಇದ್ದೋನಲ್ಲೇನು, ಹಾಕ್ಕೊಂಡ ಓಡ್ಸಿರ್ತಾನ” ಅಂದರು. ಆಡುವವರ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಅವರ ಮಾತು ನನಗೆ ನಾಟಲಿಲ್ಲ. ನಾಟಿದ್ದು ಅಪ್ಪನದು. ಮಗನನ್ನು ಮಣ್ಣಿಗಿಡುವಾಗ ಗುಂಡಿಯ ಅಂಚಿಗೆ ನಿಂತು, ಯಾರ ಮುಖವನ್ನೂ ನೋಡದೆ, “ನಾ ಹೇಳಿದ್ದೆ” ಅಂದುಬಿಟ್ಟ.

ಆ ಮಾತಿಗೆ ನಾನು ಅಪ್ಪನನ್ನು ಕ್ಷಮಿಸಲಿಲ್ಲ. ಫೋನ್ ಮಾಡಿದರೆ ಅವ್ವನ ಜೊತೆ ಮಾತಾಡಿ ಇಟ್ಟುಬಿಡುತ್ತಿದ್ದೆ. ನನ್ನ ತಮ್ಮ ಕುಡುಕನಾಗಿರಲಿಲ್ಲ, ಸುಳ್ಳನೂ ಆಗಿರಲಿಲ್ಲ ಎಂದು ಅಪ್ಪನ ಬಾಯಿಂದಲೇ ಒಂದು ಸಲ ಬರಬೇಕಿತ್ತು. ಅದು ಬರದ ಹೊರತು ನನಗೆ ಸಮಾಧಾನವಿರಲಿಲ್ಲ, ಪ್ರಬುದ್ಧನಿಗೂ ಇರಲಾರದು ಅನಿಸುತ್ತಿತ್ತು.

ಅಪ್ಪ, ಅಂದರೆ ಗಾಳೆಪ್ಪ, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಹಳಿಯ ಗುಂಟ ನಡೆದು ಬೋಲ್ಟು ಬಿಗಿಮಾಡಿ, ಜಲ್ಲಿ ತುಂಬಿ, ಸಂಜೆಗೆ ಸಾರಾಯಿ ಕುಡಿದು ಮನೆಗೆ ಬರುತ್ತಿದ್ದ. ಮಗನಿಗೆ ಪ್ರಬುದ್ಧ ಎಂದು ಹೆಸರಿಟ್ಟ ದಿನವೇ ಕುಡಿತ ಬಿಡುತ್ತೇನೆ ಅಂದಿದ್ದನಂತೆ. ಬಿಟ್ಟದ್ದು ಪ್ರಬುದ್ಧ ಹೈಸ್ಕೂಲು ಸೇರುವ ಹೊತ್ತಿಗೆ. ಆದರೆ ಬಿಟ್ಟ ಮೇಲೆ ಬಿಟ್ಟ. ಹೊಸಪೇಟೆಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು, ಪಂಚಶೀಲ ಹೇಳಿ ಬಂದವನು, ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎಂಬ ಐದನೆಯ ಶೀಲವನ್ನು ಕೆಮ್ಮಿನ ಔಷಧಿಗೂ ಹಚ್ಚಿದ. ನಾನು ಹಾಸ್ಟೆಲಿನಿಂದ ರಜೆಗೆ ಬಂದಾಗ, ಬಾಟಲಿಯ ಮೇಲೆ ಆಲ್ಕೋಹಾಲ್ ಅಂತ ಏನಾದರೂ ಬರೆದಿದೆಯೇ ಓದು ಎಂದು ನನ್ನನ್ನು ಕೂರಿಸುತ್ತಿದ್ದ. ಇದ್ದರೆ ಶುಂಠಿ ಕಷಾಯ.

ಇಂಥ ಮನುಷ್ಯನ ಮುಂದೆ ಪ್ರಬುದ್ಧ ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಒಂದು ವಿಸ್ಕಿ ಬಾಟಲಿ ತಂದು ಇಟ್ಟ. ನಾನೂ ಮನೆಯಲ್ಲಿದ್ದೆ.

“ಕುಡಿಯಾಕ ತಂದಿಲ್ಲಪ. ಒಂದ್ಸಲ ಮೂಸು, ಸಾಕು,” ಅಂದ.

“ದಿನಾ ಕುಡಿದು ಕುಡಿದು ಈಗ ಮನಿಗೂ ತಂದ್ಯಾ?”

“ನಾ ಕುಡಿಯಂಗಿಲ್ಲಪ. ಬಾಯಾಗ ಇಟಗಂಡು ಉಗುಳ್ತೀವಿ. ಖರೇನ.”

ಅಪ್ಪ ನಕ್ಕ. ಒಳ್ಳೆಯ ನಗೆಯಲ್ಲ ಅದು. “ಲೇ, ಇಪ್ಪತ್ತು ವರ್ಷ ಕುಡಿದೋನು ನಾನು. ಬಾಯಿಗೆ ಹೋದ ಮ್ಯಾಲ ಅದು ಹೊರಗ ಬರಂಗಿಲ್ಲ. ನಾಲಿಗಿ ಬಿಡಂಗಿಲ್ಲ ಅದನ್ನ. ಉಗುಳ್ತಾನಂತ! ಕುಡಿತೀನಿ ಅಂದಿದ್ರ ಸುಮ್ನಿರ್ತಿದ್ದೆ. ಸುಳ್ಳು ಯಾಕ ಹೇಳ್ತಿ? ತಗಂಡ್ ಹೋಗದನ್ನ, ಮನ್ಯಾಗ ಇಡಬ್ಯಾಡ.”

ಪ್ರಬುದ್ಧ ವಾದ ಮಾಡಲಿಲ್ಲ. ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮರುದಿನ ನನ್ನ ಜೊತೆ ಹೊಳಲಿಗೆ ಬಂದ. ಆಮೇಲೆ ಅಪ್ಪನೂ ಅವನೂ ಮಾತಾಡಲಿಲ್ಲ. ಒಬ್ಬರಿಗೊಬ್ಬರು ಅವ್ವನ ಕೈಲಿ ಹೇಳಿಕಳಿಸುತ್ತಿದ್ದರು.

ನನ್ನ ಕ್ವಾರ್ಟರ್ಸಿನಲ್ಲಿ ಕೂತು ಆ ಬಾಟಲಿಯ ಕಥೆಯೆಲ್ಲ ಹೇಳಿದ. ಸ್ಕಾಟ್ಲೆಂಡಿನ ಒಂದು ಸಣ್ಣ ಕಂಪನಿಯದಂತೆ. ಅವರು ತಾವೇ ವಿಸ್ಕಿ ಕಾಯಿಸುವುದಿಲ್ಲ. ಬೇರೆಯವರ ಭಟ್ಟಿಯಲ್ಲಿ ಆದ ಮಾಲಿನಲ್ಲಿ ಒಂದೇ ಒಂದು ಪೀಪಾಯಿ ಕೊಂಡು, ಇನ್ನೊಂದರ ಜೊತೆ ಬೆರೆಸದೆ, ಬಣ್ಣ ಹಾಕದೆ, ನೀರು ಸೇರಿಸದೆ, ತಮ್ಮ ಹೆಸರಿನಲ್ಲಿ ಬಾಟಲಿಗೆ ತುಂಬುತ್ತಾರೆ.

“ನಮ್ಮೂರಾಗ ಒಬ್ರ ಗಾಣದಾಗ ಶೇಂಗಾ ಎಣ್ಣಿ ತಗಿಸಿದ್ದನ್ನ ಇನ್ನೊಬ್ರು ಡಬ್ಬಿ ಒಯ್ದು ತಮ್ಮ ಅಂಗಡ್ಯಾಗ ಮಾರ್ತಾರಲ್ಲ, ಹಂಗ. ಆ ಪೀಪಾಯಿ ಮುಗೀತಂದ್ರ ಆ ರುಚಿ ಮುಗೀತಕ್ಕ. ಮತ್ತ ಎಲ್ಲೂ ಸಿಗಂಗಿಲ್ಲ.”

ಹೋಟೆಲಿನವರು ಇಂಥದೊಂದು ಇಡೀ ಪೀಪಾಯಿ ಕೊಳ್ಳಬೇಕೆಂದು ಹೊರಟಾಗ, ಹಲವು ಪೀಪಾಯಿಗಳ ಸ್ಯಾಂಪಲ್ ಸಣ್ಣ ಸಣ್ಣ ಸೀಸೆಗಳಲ್ಲಿ ಬಂದಿದ್ದವು. ಉಳಿದವರೆಲ್ಲ ಬೇರೊಂದು ಅಂದರೂ ಪ್ರಬುದ್ಧ ಹಟ ಹಿಡಿದು ಇದನ್ನೇ ಆರಿಸಿದ್ದ. ಮಾಲು ಬಂದ ಮೇಲೆ ಅವನದೊಂದು ಎಂದು ಈ ಬಾಟಲಿ ಕೊಟ್ಟಿದ್ದರು. ಜೊತೆಗೆ ತಂದಿದ್ದ ಸಣ್ಣ ಸೀಸೆಯಲ್ಲಿ ಅದರ ಸ್ಯಾಂಪಲ್ ತುಸು ಉಳಿದಿತ್ತು. ಹೊಟ್ಟೆ ಉಬ್ಬಿ ಬಾಯಿ ಕಿರಿದಾಗಿ, ಮಲ್ಲಿಗೆ ಮೊಗ್ಗಿನ ಹಾಗಿದ್ದ ಒಂದು ಗ್ಲಾಸು ತೆಗೆದು ಅದಕ್ಕೆ ಹಾಕಿದ. ಒಂದು ಗುಟುಕು ಬಾಯಲ್ಲಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, ಬಚ್ಚಲಿಗೆ ಹೋಗಿ ಉಗುಳಿ ಬಂದ. ನಾನು ಕಣ್ಣಾರೆ ನೋಡಿದೆ. ಉಳಿದದ್ದಕ್ಕೆ ನೀರು ಬಿಟ್ಟಾಗ ತಿಳಿಯಾಗಿದ್ದದ್ದು ಮಬ್ಬಾಯಿತು.

“ಹೆದರಬ್ಯಾಡ. ಇದನ್ನ ಭಾಳ ಸೋಸಿಲ್ಲ. ಅದರಾಗಿನ ಎಣ್ಣಿ ಅಂಶ ಹಂಗ ಉಳದಿರ್ತೈತಿ, ನೀರು ಬಿದ್ರ ಮಬ್ಬಾಗ್ತೈತಿ. ಈಗ ಮೂಸು. ಏನ್ ನೆನಪಾತು?”

ನಾನು ಮೂಸಿದೆ. ಹೊಗೆ, ಅದರ ಹಿಂದೆ ಏನೋ ಖಾರದ ಔಷಧಿ. “ದವಾಖಾನಿ” ಅಂದೆ.

ಬಿದ್ದು ಬಿದ್ದು ನಕ್ಕ. “ನೀ ಸಣ್ಣಾಕಿದ್ದಾಗಿಂದ ಹಾಸ್ಟೆಲ್‌ನಾಗ ಬೆಳದಾಕಿ, ನಿನಗ ಗೊತ್ತಾಗಂಗಿಲ್ಲ. ಅಪ್ಪಗ ಗೊತ್ತಾಗ್ತೈತಿ. ಅಪ್ಪ ಒಪ್ಪಿದ ದಿನ ಮನಿಗೆ ತಗಂಬಾ.” ಏನೆಂದು ಎಷ್ಟು ಪೀಡಿಸಿದರೂ ಹೇಳಲಿಲ್ಲ. ಬಾಟಲಿಯನ್ನೂ ಗ್ಲಾಸನ್ನೂ ನನ್ನ ಬೀರುವಿನಲ್ಲಿ ಸೀರೆಗಳ ಹಿಂದೆ ಇಟ್ಟು ಹೋದ.

ಅಪ್ಪ ಒಪ್ಪುವ ದಿನ ಬರಲಿಲ್ಲ. ಮಹಾಲಯ ಅಮಾವಾಸ್ಯೆ ಬಂತು.

ಅಪ್ಪನ ಹೊಸ ದಾರಿಯಲ್ಲಿ ಎಡೆ ಗಿಡೆ ಏನೂ ಇಲ್ಲ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಕೆಳಗೊಂದು ಮೇಣದ ಬತ್ತಿ, ಅಷ್ಟೇ. ಆದರೆ ಅವ್ವ ಉಚ್ಚಂಗೆಮ್ಮ ವರ್ಷ ವರ್ಷ ಈ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ಬಿಟ್ಟವಳಲ್ಲ. ಸತ್ತವರು ಇಷ್ಟಪಟ್ಟದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಕೂತು ಅವರಿಗೆ ಉಣ್ಣಲು ಬಿಡಬೇಕು. ನಮ್ಮ ತಾತನಿಗೆ ಗಣೇಶ ಬೀಡಿ, ಅಜ್ಜಿಗೆ ಎಲೆ-ಅಡಿಕೆ. ಅಪ್ಪ ಆ ಹೊತ್ತಿಗೆ ಸರಿಯಾಗಿ ಸ್ಟೇಷನ್ ಕಡೆ ತಿರುಗಾಡಲು ಹೋಗಿ ಕಾಣದವನಂತೆ ಇದ್ದುಬಿಡುತ್ತಿದ್ದ.

“ಈ ಸಲ ನನ್ನ ಮಗಗ ಎಡಿ ಇಡ್ತೀನಿ,” ಅವ್ವ ಫೋನಿನಲ್ಲಿ ಅಂದಳು. “ಅವನ ಬಾಟ್ಲಿ ನಿನ್ನತ್ರ ಐತಂತಲ್ಲ, ತಗಂಬಾ.”

“ಅಪ್ಪ?”

“ಕೇಳೀನಿ. ನಿನ್ನಿಷ್ಟ ಅಂದಾನ.”

ಹೆಣ್ಣುಮಕ್ಕಳ ಹಾಸ್ಟೆಲ್ ವಾರ್ಡನ್ನು ಬ್ಯಾಗಿನಲ್ಲಿ ವಿಸ್ಕಿ ಇಟ್ಟುಕೊಂಡು ಸರ್ಕಾರಿ ಬಸ್ಸು ಹತ್ತುವುದೆಂದರೆ ಏನು ಎಂದು ಹತ್ತಿದವರಿಗೇ ಗೊತ್ತು. ಹಡಗಲಿಯಲ್ಲಿ ಬಸ್ಸು ಬದಲಾಯಿಸುವಾಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, “ಬ್ಯಾಗ್ ಕೊಡ್ರಿ ಮಿಸ್, ಹಿಡಿತೀನಿ” ಅಂತ ಎಳೆದಳು. ನಾನು ಬಿಡಲಿಲ್ಲ. ಮಗುವನ್ನು ಎತ್ತಿಕೊಂಡವಳ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ಹಗರಿಬೊಮ್ಮನಹಳ್ಳಿ ಸೇರಿದೆ. ಇಳಿಯುವಾಗ ಅಳು ಬಂತು. ಅವನ ಕೈಯಾರೆ ಕೊಡಬೇಕಾದದ್ದನ್ನು ನಾನು ಅವನ ಫೋಟೊದ ಮುಂದಿಡಲು ಒಯ್ಯುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವ್ವ ಎಲ್ಲ ಸಿದ್ಧ ಮಾಡಿದ್ದಳು. ಮಟನ್ ಸಾರು, ರೊಟ್ಟಿ, ಪ್ರಬುದ್ಧನಿಗೆ ಪ್ರಾಣವಾಗಿದ್ದ ಒಗ್ಗಾಣಿ ಮಿರ್ಚಿ. ಸೋದರಮಾವ ಹುಲುಗೇಶ ಕೂಡ್ಲಿಗಿಯಿಂದ ಬಂದಿದ್ದ. ಸಂಜೆಯಾದರೆ ಒಂದು ಕ್ವಾರ್ಟರ್ ಹಾಕದೆ ಊಟ ಮಾಡದ ಮನುಷ್ಯ, ಹಾಗಾಗಿ ಬಾಟಲಿಯ ವಿಷಯ ತನ್ನದೇ ಇಲಾಖೆ ಎಂಬಂತೆ ಮುಂದೆ ಬಂದ. ಅಪ್ಪ ಈ ಸಲ ಸ್ಟೇಷನ್ನಿಗೆ ಹೋಗಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದ.

ಮಾವ ಬಾಟಲಿಯನ್ನು ತಿರುಗಿಸಿ ನೋಡಿದ. “ಇದೇನಬೇ, ಕಂಪನಿ ಹೆಸರ ಗೊತ್ತಾಗಂಗಿಲ್ಲ. ಬರೇ ನಂಬರ್ ಅದಾವ. ಬಣ್ಣಾನೂ ಇಲ್ಲ, ಒಳ್ಳೆ ಶೇಂಗಾ ಎಣ್ಣಿ ಇದ್ದಂಗ ಐತಿ.”

“ಅದು ಹಂಗ ಇರೋದು ಮಾವ. ಬಣ್ಣ ಹಾಕಂಗಿಲ್ಲ ಅದಕ್ಕ.”

ನಾನು ಬ್ಯಾಗಿನಿಂದ ಗ್ಲಾಸು ತೆಗೆಯುವಷ್ಟರಲ್ಲಿ ಮಾವ ಬಿರಡೆ ಕಿತ್ತು, ಸ್ಟೀಲ್ ಲೋಟಕ್ಕೆ ಸುರಿದು, ತನಗೆ ಹಾಕಿಕೊಳ್ಳುವ ಹಾಗೆಯೇ ಫ್ರಿಜ್ಜಿನ ನೀರನ್ನು ಅಂಚಿನವರೆಗೆ ತುಂಬಿಸಿಬಿಟ್ಟ. ಲೋಟದೊಳಗೆ ಅದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು. ಮಾವ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ.

“ಡೂಪ್ಲಿಕೇಟ್.”

“ಅಲ್ಲ ಮಾವ, ಅದು ಸೋಸಿರಂಗಿಲ್ಲ, ಅದಕ್ಕ ಮಬ್ಬು...”

“ನೀ ಸುಮ್ನಿರವಾ. ನೀರು ಹಾಕಿದ ಕೂಡ್ಲೇ ಬೆಳ್ಳಗಾತಂದ್ರ ಡೂಪ್ಲಿಕೇಟ್ ಅಂತ ನಮ್ಮೂರಾಗ ಸಣ್ಣ ಹುಡುಗ್ರಿಗೂ ಗೊತ್ತೈತಿ. ಯಾರೋ ಚಂದಗೆ ಟೋಪಿ ಹಾಕ್ಯಾರ.”

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವನೇನೂ ಕೆಟ್ಟವನಲ್ಲ. ನಕಲಿ ಮಾಲು ಕುಡಿದು ಕಣ್ಣು ಕಳೆದುಕೊಂಡವರನ್ನು ಕಂಡವನು, ತನಗೆ ತಿಳಿದದ್ದನ್ನು ಹೇಳಿದ. ಅವ್ವ ಅದನ್ನು ಹಾಗೇ ನಂಬಿದಳು. ಎಲೆಯ ಮುಂದೆ ಕುಸಿದು ಕೂತು, “ನನ್ನ ಮಗನ್ನ ಎಲ್ರೂ ಮೋಸ ಮಾಡ್ಯಾರ” ಎಂದು ಅಳತೊಡಗಿದಳು. “ಎಷ್ಟು ಆಸಿಲೆ ತಂದಿದ್ದ. ಸತ್ತ ಮ್ಯಾಲೂ ಅವಗ ಖೊಟ್ಟಿ ಮಾಲ್ ಇಡ್ಲೇನು?”

“ಹಿರೇರ ಮುಂದ ಖೊಟ್ಟಿ ಇಡಬಾರದಕ್ಕ, ಚೆಲ್ಲಿಬಿಡು,” ಮಾವ ಸಮಾಧಾನ ಮಾಡುತ್ತ ಅಂದ. “ಪಾಪ, ಹುಡುಗ. ದಿನಾ ಕುಡಿಯೋರಿಗೆ ಅಸಲಿ ಯಾವ್ದು, ನಕಲಿ ಯಾವ್ದು, ಎಲ್ಲಿ ಗೊತ್ತಾಗ್ತೈತಿ?”

ನನ್ನ ಮೈ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದೇಬಿಡಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ನಿಂತಿದ್ದ.

“ಹುಲುಗೇಶ, ಸರಿ ಅತ್ಲಾಗ.”

ಅಪ್ಪ ಒಳಗೆ ಬಂದು ಬಾಟಲಿ ಎತ್ತಿಕೊಂಡ. ಅದರ ಮೇಲಿನ ಚೀಟಿಯನ್ನು ಓದಲು ಹೋಗಲಿಲ್ಲ. ನನ್ನ ಕೈಲಿದ್ದ ಗ್ಲಾಸು ನೋಡಿ, “ಅದು ಅವಂದೇನು?” ಎಂದು ಕೇಳಿದ. ಹೂಂ ಅಂದೆ. ಈಸಿಕೊಂಡು, ನೀರು ಹಾಕದೆ, ತಳ ಮುಚ್ಚುವಷ್ಟು ಬಗ್ಗಿಸಿದ. ಮೂಗಿನ ಹತ್ತಿರ ತಂದವನು ಸಟ್ಟನೆ ತಲೆ ಹಿಂದೆ ಎಳೆದುಕೊಂಡ, ಮತ್ತೆ ಹತ್ತಿರ ತಂದ. ಆಮೇಲೆ ಬಹಳ ಹೊತ್ತು ತೆಗೆಯಲೇ ಇಲ್ಲ.

“ಏ, ಇಲ್ಲಿ ಬಾ,” ಅವ್ವನನ್ನು ಕರೆದ. “ಮೂಸು ಇದನ್ನ.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಬಗ್ಗಿದಳು. ಅವಳ ಅಳು ನಿಂತಿತು.

“ಇದು ನಿಮ್ಮ ಡ್ಯೂಟಿ ಬಟ್ಟಿ ವಾಸ್ನಿ ಅಲ್ಲೇನ್ರಿ?”

“ಸ್ಲೀಪರಿನ ಕರಿ ಎಣ್ಣಿ,” ಅಪ್ಪ ಅಂದ.

ಆಗೆಲ್ಲ ಹಳಿಯ ಕೆಳಗೆ ಮರದ ಸ್ಲೀಪರುಗಳು. ಗೆದ್ದಲು ಹತ್ತದಂತೆ ಕರಿ ಎಣ್ಣೆ ಕುಡಿಸಿದ ಮರ. ಎಲ್ಲ ಕಡೆ ಸಿಮೆಂಟಿನವು ಬಂದ ಮೇಲೂ ಸೇತುವೆಗಳ ಮೇಲೆ ಬಹಳ ದಿನ ಮರದವೇ ಇದ್ದವು. ಅವನ್ನು ಹೊತ್ತ ದಿನ ಆ ಹೊಗೆವಾಸನೆ ಖಾಕಿ ಬಟ್ಟೆಗೆ, ಮೈಗೆ, ಕೂದಲಿಗೆ ಹತ್ತಿಕೊಂಡು ಬರುತ್ತಿತ್ತಂತೆ. ಅವ್ವ ಆ ಬಟ್ಟೆಗಳನ್ನು ಬೇರೆಯೇ ತೊಳೆಯುತ್ತಿದ್ದಳು. ನಾನು ಹಾಸ್ಟೆಲಿನಲ್ಲಿದ್ದೆ, ನನಗೆ ಇದೊಂದೂ ಗೊತ್ತಿರಲಿಲ್ಲ.

“ರೇಖಾ, ನಿನಗ ಗೊತ್ತಿಲ್ಲ,” ಅವ್ವ ನನ್ನ ಕೈ ಹಿಡಿದುಕೊಂಡಳು. “ಸಣ್ಣೋನಿದ್ದಾಗ ಸಂಜಿಗೆ ಬಾಗಲಾಗ ನಿಂದ್ರತಿದ್ದ. ನಿಮ್ಮಪ್ಪ ದೂರದಾಗ ಬರೋವಾಗ್ಲೇ ಮೂಗು ಏರಿಸಿ ಮೂಸ್ತಿದ್ದ. ಸಾರಾಯಿ ವಾಸ್ನಿ ಬಂದ್ರ ಒಲಿ ಕಟಗಿ ಹಿಂದ ಹೋಗಿ ಅಡಗ್ತಿದ್ದ. ಈ ವಾಸ್ನಿ ಒಂದ ಬಂದ್ರ ಓಡಿ ಹೋಗಿ ಕಾಲು ತಬ್ಬಿಕೊಂತಿದ್ದ. ಇವತ್ತು ಅಪ್ಪ ಕುಡಿದಿಲ್ಲ, ಇವತ್ತು ಅಪ್ಪ ಕುಡಿದಿಲ್ಲ ಅಂತ ಕುಣೀತಿದ್ದ.”

ಜಗತ್ತಿನ ಅಷ್ಟೊಂದು ಪೀಪಾಯಿಗಳಲ್ಲಿ ನನ್ನ ತಮ್ಮ ಹಟ ಹಿಡಿದು ಆರಿಸಿದ್ದು ಅಪ್ಪ ಕುಡಿಯದೆ ಬಂದ ಸಂಜೆಯ ವಾಸನೆಯನ್ನು. ಅದನ್ನು ಅಪ್ಪನಿಗೆ ಮೂಸಿಸಬೇಕು ಎಂದು ತಂದಿದ್ದ. ಅದನ್ನು ಹೊಸಿಲಿನಿಂದಲೇ ವಾಪಸು ಕಳಿಸಿದ್ದೆವು.

ಅಪ್ಪ ಗ್ಲಾಸನ್ನು ತುಟಿಗೆ ಇಟ್ಟ.

“ಭಾವ, ನಿಮ್ಮ ಶೀಲ...” ಮಾವ ಗಾಬರಿಯಾದ. ಅಪ್ಪ ಕೈ ಅಡ್ಡ ಹಿಡಿದು ಸುಮ್ಮನಾಗಿಸಿ, ಇದ್ದಷ್ಟನ್ನೂ ಬಾಯಿಗೆ ಹಾಕಿಕೊಂಡ.

ನಾನು ಅಪ್ಪನ ಗಂಟಲನ್ನೇ ನೋಡುತ್ತಿದ್ದೆ. ನೀರು ಬೆರೆಸದ ಬೆಂಕಿ ಅದು. ಕಣ್ಣಲ್ಲಿ ನೀರು ತುಂಬಿತು, ದವಡೆ ಬಿಗಿಯಿತು, ಕತ್ತಿನ ನರ ಎದ್ದವು. ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಇಳಿಸಿದ ಗಂಟಲು, ಈಗಲೂ ಇಳಿಸಲು ಎಷ್ಟು ಎಳೆಯುತ್ತಿತ್ತೋ. ಅಪ್ಪ ಹಾಗೇ ನಿಂತಿದ್ದ. ಪ್ರಬುದ್ಧ ನನ್ನ ಕ್ವಾರ್ಟರ್ಸಿನಲ್ಲಿ ಮಾಡಿದ್ದಂತೆಯೇ, ಯಾರೂ ಹೇಳಿಕೊಡದೆ, ಕಣ್ಣು ಮುಚ್ಚಿಕೊಂಡ. ಗಂಟಲು ಅಲ್ಲಾಡಲಿಲ್ಲ.

ಆಮೇಲೆ ನಿಧಾನವಾಗಿ ಬಚ್ಚಲಿನ ಕಡೆ ನಡೆದ. ಉಗುಳಿದ ಸದ್ದು ಕೇಳಿತು.

ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಬಚ್ಚಲ ಕಲ್ಲಿನ ಮೇಲೆ ಕೂತಿದ್ದ, ಬಾಯಿ ತೊಳೆದುಕೊಂಡಿರಲಿಲ್ಲ. ನನ್ನನ್ನು ನೋಡಿ ಮಗುವಿನ ಹಾಗೆ ಅಂದ:

“ಉಗುಳಾಕ ಬರ್ತೈತಿ, ರೇಖಾ.”

ನಾನು ಬಾಯಿ ತೊಳೆಯಲು ಚೊಂಬಿನಲ್ಲಿ ನೀರು ತುಂಬಿ ಮುಂದೆ ಹಿಡಿದೆ, ಅಪ್ಪ ಈಸಿಕೊಳ್ಳಲಿಲ್ಲ.

“ಬರ್ತೈತಿ. ನನ್ನಂಥೋನಿಗೇ ಬಂತು. ಅವ ಖರೇನ ಹೇಳಿದ್ದ. ನನ್ನ ಮಗ ಖರೇ ಹೇಳಿದ್ರ ನಾ ಸುಳ್ಳ ಅಂದೆ.” ಹಣೆ ಹಣೆ ಬಡಿದುಕೊಂಡ. “ಗುಂಡ್ಯಾಗ ಇಟ್ಟು ಏನ್ ಮಾತಾಡಿಬಿಟ್ನೆವ್ವಾ ನಾನು.”

ನನಗೆ ಬೇಕಾಗಿದ್ದ ಮಾತು ಕೊನೆಗೂ ಬಂತು, ಕೇಳಲು ನನ್ನ ತಮ್ಮ ಇಲ್ಲದಾಗ. ಅದು ಬಂದ ದಿನ ಗೆದ್ದಂತೆ ಅನಿಸುತ್ತದೆ ಅಂದುಕೊಂಡಿದ್ದೆ. ಹಾಗೇನೂ ಅನಿಸಲಿಲ್ಲ. ಒದ್ದೆ ಕಲ್ಲಿನ ಮೇಲೆ ಅಪ್ಪನ ಪಕ್ಕ ಕೂತು, ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, ಇಬ್ಬರೂ ಅತ್ತೆವು.

ಸಾರು ಆರಿಹೋಗಿತ್ತು. ಅವ್ವ ಮತ್ತೆ ಬಿಸಿ ಮಾಡಿ ಬಡಿಸಿದಳು. ಹುಲುಗೇಶ ಮಾವ ಮಬ್ಬಾದ ಲೋಟವನ್ನು ತಾನೇ ಒಯ್ದು ತೊಳೆದಿಟ್ಟ, ಕುಡಿಯಲಿಲ್ಲ. ಮೊಗ್ಗಿನಂಥ ಗ್ಲಾಸಿಗೆ ಅಪ್ಪನೇ ವಿಸ್ಕಿ ಬಗ್ಗಿಸಿ ಪ್ರಬುದ್ಧನ ಫೋಟೊದ ಮುಂದೆ, ಮಿರ್ಚಿಯ ಪಕ್ಕಕ್ಕೆ ಇಟ್ಟ. ಎಡೆಯನ್ನು ಅಪ್ಪ ಮುಟ್ಟಿದ್ದು ದೀಕ್ಷೆಯಾದ ಮೇಲೆ ಅದೇ ಮೊದಲು. ಎಲ್ಲರೂ ಹೊರಗೆ ಬಂದೆವು. ಅವ್ವ ಬಾಗಿಲು ಎಳೆದುಕೊಂಡಳು.

ಕಟ್ಟೆಯ ಮೇಲೆ ಕೂತೆವು. ಕೊಟ್ಟೂರಿನ ಕಡೆ ಹೋಗುವ ರೈಲು ಕೂಗಿ ಹೋಯಿತು. ಅಪ್ಪ ಎದ್ದು, ಮುಚ್ಚಿದ ಬಾಗಿಲಿನ ಹತ್ತಿರ ಹೋಗಿ, ಹಣೆಯನ್ನು ಅದಕ್ಕೆ ಆನಿಸಿದ. ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ಒಪ್ಪದ ಮನುಷ್ಯ, ಒಳಗಿದ್ದವನಿಗೆ ಮಾತ್ರ ಕೇಳಬೇಕು ಎಂಬಂತೆ ಮೆಲ್ಲಗೆ ಅಂದ:

“ಪ್ರಬುದ್ಧಾ, ಇವತ್ತು ಉಗುಳಬ್ಯಾಡಪ. ಮನ್ಯಾಗ ಅದಿ. ನುಂಗು.”